ಮಗು ಯಾವ ಗಣರಾಜ್ಯದ್ದು?

ಬಿಟೋಲ, ಮ್ಯಾಸಿಡೋನಿಯ
15 ಸೆಪ್ಟೆಂಬರ್ 1991

ವಾಸ್ಕಾ,

ಹೋದ ಭಾನುವಾರ ಮತ ಹಾಕಿ ಬಂದೆ. ನಾವೂ ಬೇರೆಯಾಗುತ್ತೇವಂತೆ. ನಿಮ್ಮ ಸ್ಲೊವೇನಿಯ ಜೂನ್‌ನಲ್ಲೇ ಗಂಟುಮೂಟೆ ಕಟ್ಟಿತು, ಕ್ರೊಯೇಷಿಯ ಅದರ ಹಿಂದೆಯೇ ಹೊರಟಿತು. ಇನ್ನು ಯುಗೊಸ್ಲಾವಿಯದ ಮನೆಯಲ್ಲಿ ಉಳಿದು ನಾವೇಕೆ ಎಲ್ಲರ ಪಾತ್ರೆ ತೊಳೆಯಬೇಕು ಎಂದು ನಮ್ಮವರೂ ಎದ್ದು ನಿಂತರು. ಸಂತೋಷವಾಯಿತೇ ಎಂದು ಕೇಳಬೇಡ. ಆರು ಗಣರಾಜ್ಯ, ಒಂದು ಒಕ್ಕೂಟ ಎಂದು ನಲವತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಬೀದಿಯಲ್ಲಿ ಎಲ್ಲರೂ ಹಾಡುತ್ತಿದ್ದರು. ನಾನೂ ಒಂದಿಷ್ಟು ಹಾಡಿದೆ, ಮನೆಗೆ ಬಂದು ಒಂದಿಷ್ಟು ಅತ್ತೆ.

ಮಾರನೆಯ ದಿನವೇ ದೊಣ್ಣೆಮೆಣಸಿನಕಾಯಿ ಸುಡಲು ಕೂತೆ. ಯಾವ ದೇಶವಾದರೂ ಚಳಿಗಾಲಕ್ಕೆ ಅಯ್ವಾರ್ ಚಟ್ನಿ ಕಾಯಿಸುವುದು ತಪ್ಪುತ್ತದೆಯೇ? ನಲವತ್ತು ಕಿಲೋ ಸುಟ್ಟು, ಸಿಪ್ಪೆ ಸುಲಿದು, ಅರೆದು, ಹದಿನೆಂಟು ಬಾಟಲಿ ತುಂಬಿದ್ದೇನೆ. ಆರು ನಿನ್ನವು. ಪ್ರತಿ ವರ್ಷ ರೈಲಿನ ಗಾರ್ಡ್ ಕೈಯಲ್ಲಿ ಕಳಿಸುತ್ತಿದ್ದೆ. ಈ ವರ್ಷ ಯಾರನ್ನು ಕೇಳಿದರೂ ನಗುತ್ತಾರೆ, ದಾರಿಯಲ್ಲಿ ಯುದ್ಧ ನಡೆಯುತ್ತಿದೆ ಅಮ್ಮ, ನಿಮಗೆ ಅಯ್ವಾರ್ ಚಿಂತೆಯೇ ಎಂದು.

ಅಲ್ಲಿನ ಹೊಸ ಸರ್ಕಾರ ಪೌರತ್ವಕ್ಕೆ ಅರ್ಜಿ ತೆಗೆದುಕೊಳ್ಳುತ್ತಿದೆ ಎಂದು ರೇಡಿಯೋದಲ್ಲಿ ಕೇಳಿದೆ. ನೀವೆಲ್ಲ ಹಾಕಿದಿರಾ? ಬ್ರೆದಾ ಹೇಗಿದ್ದಾಳೆ? ಅವಳ ಮಗಳು ಪೊಲೋನಾ ಶಾಲೆಗೆ ಸೇರಿದಳೇ?

ನಿನ್ನ ಅಕ್ಕ
ದೆಸ್ಪಿನಾ


ಮಾರಿಬೋರ್, ಸ್ಲೊವೇನಿಯ
22 ಅಕ್ಟೋಬರ್ 1991

ಅಕ್ಕಾ,

ನಿನ್ನ ಪತ್ರ ಐದು ವಾರ ಊರೂರು ಸುತ್ತಿ ಬಂತು. ಫೋನಂತೂ ಸತ್ತೇ ಹೋಗಿದೆ. ಬೆಲ್ಗ್ರೇಡಿನ ಮೇಲೆ ಹೋಗುತ್ತಿದ್ದ ಲೈನನ್ನು ಕತ್ತರಿಸಿದ್ದಾರಂತೆ. ಅಯ್ವಾರ್ ಇಲ್ಲದ ಚಳಿಗಾಲ! ಲೋಯ್ಜೆ ಮುಖ ನೋಡಬೇಕಿತ್ತು ನೀನು. ಮೂವತ್ತು ವರ್ಷದ ಹಿಂದೆ ಸೈನ್ಯದ ಚಾಕರಿಗೆ ಅವನನ್ನು ಬಿಟೋಲಕ್ಕೆ ಹಾಕದೇ ಹೋಗಿದ್ದರೆ ಅವನಿಗೆ ಅದರ ರುಚಿಯೂ ಗೊತ್ತಾಗುತ್ತಿರಲಿಲ್ಲ, ನಾನೂ ಗಂಟು ಬೀಳುತ್ತಿರಲಿಲ್ಲ. ಯಾರನ್ನೂ ಸ್ವಂತ ಗಣರಾಜ್ಯದಲ್ಲಿ ಇಡಬಾರದು, ಹುಡುಗರು ದೇಶ ನೋಡಲಿ ಎನ್ನುತ್ತಿದ್ದರಲ್ಲ, ಇವನು ದೇಶ ನೋಡಲಿಲ್ಲ, ನಿನ್ನ ಅಡುಗೆಮನೆ ನೋಡಿದ.

ಅರ್ಜಿ ಹಾಕಿದೆ. ನಾನೊಬ್ಬಳೇ. ನಾಲ್ಕು ಗಂಟೆ ನಿಂತೆ. ಹಿಂದೆ ಮುಂದೆ ಎಲ್ಲ ಬೋಸ್ನಿಯದ ಗಾರೆ ಕೆಲಸದವರು, ಸೆರ್ಬಿಯದ ಡ್ರೈವರುಗಳು. ಲೋಯ್ಜೆ ನನ್ನ ಕೈಚೀಲ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ. ಗುಮಾಸ್ತೆ ಒಳ್ಳೆಯವಳು, ಒಂದು ತಿಂಗಳಲ್ಲಿ ಬರುತ್ತದೆ ಎಂದಳು.

ಬ್ರೆದಾ ಏಕೆ ಹಾಕಬೇಕು? ಅಪ್ಪ ಇಲ್ಲಿಯವನು, ಓದಿದ್ದು ಇಲ್ಲಿ, ಗಿರಣಿಯ ಟೈಪಿಸ್ಟ್ ಕೆಲಸ ಇಲ್ಲಿ. ನಾನು ಸುಮ್ಮನೆ ಕೇಳಿದ್ದಕ್ಕೇ ಮೈಮೇಲೆ ಬಂದಳು. "ಅಮ್ಮಾ, ಅದು ಹೊರಗಿನವ್ರಿಗೆ. ನಾನ್ಯಾಕೆ ಆ ಸಾಲಲ್ಲಿ ನಿಲ್ಲಲಿ?" ಅಂದಳು. ಹೊರಗಿನವಳು ಎದುರಿಗೇ ಆಲೂಗಡ್ಡೆ ಹೆಚ್ಚುತ್ತಾ ಕೂತಿದ್ದಾಳೆ ಅನ್ನುವುದು ಅವಳಿಗೆ ಮರೆತುಹೋಗಿತ್ತು. ಲೋಯ್ಜೆ ಮಾತು ಹಾರಿಸಿದ: "ನನ್ನ ಮಗ್ಳು ಅರ್ಜಿ ಹಾಕ್ಬೇಕು ಅಂದ್ರೆ ಈ ದ್ರಾವಾ ನದೀನೂ ಹಾಕ್ಬೇಕು." ಎಲ್ಲರೂ ನಕ್ಕೆವು.

ಪೊಲೋನಾಗೆ ಐದು ತುಂಬಿತು. ನಿನಗೊಂದು ಕುದುರೆ ಬರೆದಿದ್ದಾಳೆ, ಕಾಲು ಐದಿವೆ, ಎಣಿಸಬೇಡ.

ನಿನ್ನ ವಾಸ್ಕಾ


ಬಿಟೋಲ
18 ನವೆಂಬರ್ 1991

ವಾಸ್ಕಾ,

ಬ್ರೆದಾಗೆ ಅರ್ಜಿ ಹಾಕಲು ಹೇಳು. ಡಿಸೆಂಬರ್ 25 ಕೊನೆಯ ದಿನ. ಏಕೆ ಎಂದು ಕೇಳಬೇಡ. ಒಂದು ಹಾಳೆ ಹೆಚ್ಚಿಗೆ ಬರೆದರೆ ಕೈ ಸವೆಯುವುದಿಲ್ಲ. ಲೋಯ್ಜೆಯ ತಮಾಷೆ ಕೇಳಿಕೊಂಡು ಕೂರಬೇಡ. ಅವಳು ಹುಟ್ಟಿದ್ದು ಇಲ್ಲಿ, ನೆನಪಿರಲಿ. ಬಾಣಂತನಕ್ಕೆ ನೀನು ಬಂದದ್ದು ನನ್ನ ಮನೆಗೆ.

ಈ ಪತ್ರ ತಲುಪಿದ ದಿನವೇ ಹೋಗಿ.

ದೆಸ್ಪಿನಾ


ಮಾರಿಬೋರ್
14 ಜನವರಿ 1992

ಅಕ್ಕಾ,

ನಿನ್ನ ಹುಕುಂ ನಿನ್ನೆ ಕೈಸೇರಿತು. ಕೊನೆಯ ದಿನ ಮುಗಿದು ಮೂರು ವಾರವಾದ ಮೇಲೆ. ಏಕೆ ಎಂದು ಕೇಳಬೇಡ ಎನ್ನುತ್ತೀಯ. ನನಗೀಗ ಐವತ್ತು ವರ್ಷ, ನಿನ್ನ ಮೂರನೇ ಕ್ಲಾಸಿನ ಬೆಂಚಿನಲ್ಲಿ ಕೂತಿಲ್ಲ.

ತಪ್ಪೆಂದರೆ ನಿನ್ನ ಪತ್ರವನ್ನು ಬ್ರೆದಾ ಎದುರಿಗೆ ಗಟ್ಟಿಯಾಗಿ ಓದಿಬಿಟ್ಟೆ. ಅವಳು ಬಿಳಿಚಿಕೊಂಡಳು. ನಿನಗೆ ಹೇಳಿರಲಿಲ್ಲ, ಶಾಲೆಯಲ್ಲಿ ನನ್ನ ಉಚ್ಚಾರ ಕೇಳಿ ಅವಳನ್ನು "ದಕ್ಷಿಣದವಳೇ" ಎಂದು ರೇಗಿಸುತ್ತಿದ್ದರು. ಅವಳು ನಮ್ಮ ಭಾಷೆ ಕಲಿಯದೇ ಹೋದದ್ದು ಅದಕ್ಕೇ, ಸೋಮಾರಿತನಕ್ಕಲ್ಲ. "ದೊಡ್ಡಮ್ಮಂಗೆ ನಾನು ಇಲ್ಲಿಯವಳು ಅನ್ನೋದು ಯಾವತ್ತೂ ಸಹಿಸೋಕಾಗ್ಲಿಲ್ಲ" ಅಂದು ಎದ್ದು ಹೋದಳು. ನನಗೂ ಹಾಗೇ ಅನ್ನಿಸಿತು. ನೀನು ಒಳ್ಳೆಯದಕ್ಕೇ ಹೇಳಿರಬಹುದು, ಆದರೆ ಹೇಳಿದ ರೀತಿಗೆ ಹೊಟ್ಟೆ ಉರಿಯಿತು.

ನನ್ನ ಪೌರತ್ವ ಬಂತು. ಲೋಯ್ಜೆ ಕೇಕ್ ತಂದ.

ವಾಸ್ಕಾ


ಮಾರಿಬೋರ್
2 ಏಪ್ರಿಲ್ 1992

ಅಕ್ಕಾ,

ಸಿಟ್ಟು ಬಿಟ್ಟು ಓದು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದು.

ಬ್ರೆದಾ ಗುರುತಿನ ಚೀಟಿ ಹೊಸದು ಮಾಡಿಸಲು ಕಚೇರಿಗೆ ಹೋದಳು. ಅಲ್ಲಿದ್ದವಳು ಚೀಟಿ ತೆಗೆದುಕೊಂಡು, ಒಳಗೆ ಹೋಗಿ ಬಂದು, ಕಾಗದಕ್ಕೆ ತೂತು ಹೊಡೆಯುವ ಯಂತ್ರದಲ್ಲಿಟ್ಟು ಕಟಕ್ ಅನ್ನಿಸಿ ವಾಪಸು ಕೊಟ್ಟಳಂತೆ. ಇನ್ನು ನೀವು ಈ ಊರಿನ ಪಟ್ಟಿಯಲ್ಲಿಲ್ಲ, ಫೆಬ್ರವರಿಯಲ್ಲೇ ತೆಗೆದಿದ್ದಾರೆ ಅಂದಳಂತೆ. ಅರ್ಜಿ ಹಾಕದ ಬೇರೆ ಗಣರಾಜ್ಯದವರನ್ನೆಲ್ಲ ಹಾಗೇ ಅಳಿಸಿದ್ದಾರೆ, ಒಂದು ಕಾಗದವನ್ನೂ ಕಳಿಸದೆ. ನನ್ನ ಮಗಳ ಕೆಲಸ ಹೋಯಿತು, ಬಿಟ್ಟುಹೋದ ಗಂಡನಿಂದ ಮೊದಲೇ ಬಿಡಿಕಾಸಿಲ್ಲ. ಪೊಲೋನಾಗೆ ಜ್ವರ ಬಂದರೆ ಬ್ರೆದಾಳ ಕಾರ್ಡಿನ ಮೇಲೆ ಡಾಕ್ಟರೂ ಇಲ್ಲ.

ಬಿಟೋಲದಲ್ಲಿ ಹುಟ್ಟಿದ ನಾನು ಸ್ಲೊವೇನಿಯದವಳು. ನಲವತ್ತು ದಿನದ ಕೂಸಾಗಿ ಈ ಊರಿಗೆ ಬಂದ ಮೇಲೆ ಬೇರೆ ಕಡೆ ಒಂದು ತಿಂಗಳೂ ಇರದ ಅವಳು ಪರದೇಶಿ. ಇದನ್ನು ಹೇಳಿದರೆ ನಗಬೇಕೋ ಅಳಬೇಕೋ?

ದಾಖಲೆಯಲ್ಲಿ ಇರುವುದು ಇಷ್ಟು: ಜನನ ಬಿಟೋಲ, 1964. ಗಣರಾಜ್ಯ ಮ್ಯಾಸಿಡೋನಿಯ, ತಂದೆತಾಯಿ ಇಬ್ಬರ ಒಪ್ಪಿಗೆಯಿಂದ. ಇಪ್ಪತ್ತೆಂಟು ವರ್ಷ ಆ ಸಾಲನ್ನು ಯಾರೂ ಓದಿರಲಿಲ್ಲ. ಎಲ್ಲರ ಪಾಸ್‌ಪೋರ್ಟೂ ಒಂದೇ ಕೆಂಪು, ಯಾರು ನೋಡುತ್ತಿದ್ದರು! ಲೋಯ್ಜೆ ಆಣೆ ಮಾಡುತ್ತಾನೆ, ಯಾವ ಕಾಗದಕ್ಕೂ ನಾನು ಸಹಿ ಹಾಕಿಲ್ಲ ಎಂದು. ನಾನು ನಂಬಲಿಲ್ಲ. ಎರಡು ಲೋಟ ವೈನ್ ಒಳಗೆ ಹೋದರೆ ಯಾರು ಏನು ಮುಂದಿಟ್ಟರೂ ಸಹಿ ಮಾಡುವವನು ಅವನು. ಬಾಯಿಗೆ ಬಂದಂತೆ ಅಂದೆ. "ಸ್ವಂತ ಮಗಳನ್ನ ಕುಡಿದ ಅಮಲಲ್ಲಿ ಬರೆದುಕೊಟ್ಟೆ" ಅಂದೆ. ಈಗ ಅವನು ನನ್ನ ಜೊತೆ ಮಾತಾಡುತ್ತಿಲ್ಲ, ಕಾರ್ಖಾನೆಯ ಹಳೆ ಗೆಳೆಯರ ಜೊತೆ ದಿನವಿಡೀ ನದಿ ದಂಡೆಯಲ್ಲಿ ಕೂತಿರುತ್ತಾನೆ.

"ನಿಮ್ಮ ದೇಶದಿಂದ" ಕಾಗದ ತಂದರೆ ಪರದೇಶಿಯಾಗಿ ಇರಲು ಅನುಮತಿ ಕೊಡುತ್ತಾರಂತೆ. ನಿನ್ನ ಪತ್ರ ಸಮಯಕ್ಕೆ ತಲುಪಿ ಅವಳು ಅರ್ಜಿ ಹಾಕಿದ್ದರೆ! ಬ್ರೆದಾ ತಾನೇ ಬರುತ್ತೇನೆ ಎನ್ನುತ್ತಿದ್ದಾಳೆ. ಏನು ಮಾಡಲಿ ಹೇಳು.

ವಾಸ್ಕಾ


ಬಿಟೋಲ
24 ಏಪ್ರಿಲ್ 1992

ವಾಸ್ಕಾ,

ಕಳಿಸಬೇಡ. ಅವಳನ್ನು ಯಾವ ಕಾರಣಕ್ಕೂ ಗಡಿ ದಾಟಿಸಬೇಡ.

ನಮ್ಮ ಬೇಕರಿಯವನ ತಮ್ಮ ಲ್ಯುಬ್ಲಿಯಾನದಲ್ಲಿ ಹದಿನೈದು ವರ್ಷ ಇದ್ದವನು. ಅಮ್ಮನ ತಿಥಿಗೆಂದು ಬಂದ. ವಾಪಸು ಹೋದಾಗ ಗಡಿಯಲ್ಲಿ ಕಂಪ್ಯೂಟರ್ ನೋಡಿ, "ನಿನ್ನ ಹೆಸರೇ ಇಲ್ಲ" ಎಂದು ತಿರುಗಿಸಿ ಕಳಿಸಿದ್ದಾರೆ. ಹೆಂಡತಿ ಮಕ್ಕಳು ಅಲ್ಲಿ, ಇವನು ಇಲ್ಲಿ ಬ್ರೆಡ್ ಮಾರುತ್ತಿದ್ದಾನೆ. ಒಳಗೆ ಇರುವವರೆಗೆ ಯಾರೂ ಎಬ್ಬಿಸುವುದಿಲ್ಲ, ಹೊರಗೆ ಕಾಲಿಟ್ಟರೆ ಮುಗಿಯಿತು.

ಕಾಗದ ನಾನು ಮಾಡಿಸುತ್ತೇನೆ. ನಾನೇ ತರುತ್ತೇನೆ. ಅರವತ್ತನಾಲ್ಕು ವಯಸ್ಸಾದರೂ ಮಂಡಿ ಗಟ್ಟಿ ಇದೆ.

ಲೋಯ್ಜೆಯ ಜೊತೆ ಹಳೆಯದನ್ನೆಲ್ಲ ಕೆದಕಿ ಜಗಳವಾಡಬೇಡ. ಅವನು ಸುಳ್ಳು ಹೇಳುವವನಲ್ಲ.

ದೆಸ್ಪಿನಾ


ಮಾರಿಬೋರ್
6 ಮೇ 1992

ಅಕ್ಕಾ,

ನಿನ್ನಿಂದ ಒಂದಕ್ಷರ ಇಲ್ಲ. ಬ್ರೆದಾ ಕಾದು ಕಾದು ಇವತ್ತು ಬೆಳಿಗ್ಗೆ ಹೊರಟಳು. ಹಂಗೇರಿ ಸುತ್ತಿ ಬರುವ ಬಸ್ಸು, ಎರಡು ದಿನ. ನೀನು ಇದನ್ನು ಓದುವ ಹೊತ್ತಿಗೆ ನಿನ್ನ ಮನೆಯಲ್ಲಿರುತ್ತಾಳೆ. ಹತ್ತು ದಿನದಲ್ಲಿ ಬರುತ್ತೇನೆ ಎಂದು ಪೊಲೋನಾಗೆ ಹತ್ತು ಬಾದಾಮಿ ಕೊಟ್ಟು ಹೋಗಿದ್ದಾಳೆ. ದಿನಕ್ಕೊಂದು ತಿನ್ನಬೇಕು, ಮುಗಿದ ದಿನ ಅಮ್ಮ ಬರುತ್ತಾಳೆ.

ಅವಳು ಸ್ವಲ್ಪ ಬಿಗುಮಾನದವಳು. ನೀನೂ ಕಡಿಮೆಯವಳಲ್ಲ. ಊಟದ ಹೊತ್ತಿಗೆ ಪಾಠ ಮಾಡಬೇಡ.

ವಾಸ್ಕಾ


ಬಿಟೋಲ
16 ಮೇ 1992

ವಾಸ್ಕಾ,

ನಮ್ಮ ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟಿದವು. ಬ್ರೆದಾ ಬಾಗಿಲಲ್ಲಿ ನಿಂತಾಗಲೇ ನನಗೆ ಅದು ತಿಳಿದದ್ದು.

ಗಡಿಯ ವಿಷಯ ಹೇಳಿದೆ. "ನನ್ನ ಮಗು ಅಲ್ಲಿದೆ ದೊಡ್ಡಮ್ಮಾ, ನನ್ನನ್ನ ಹೇಗೆ ಬಿಡಲ್ಲ?" ಅಂದಳು. ಇಬ್ಬರೂ ಶಾಲೆಯಲ್ಲಿ ಕಲಿತ ಸೆರ್ಬಿಯನ್ನಿನಲ್ಲಿ ಮಾತಾಡುತ್ತೇವೆ, ಇಬ್ಬರಿಗೂ ಅದು ಬಾಡಿಗೆ ಕೋಟು. ಆದರೂ ನಗುತ್ತೇವೆ. ಮಾರುಕಟ್ಟೆಯಲ್ಲಿ ಚೀಸು ಮಾರುವವಳ ಜೊತೆ ಚೌಕಾಸಿ ಮಾಡದೆ ಹೇಳಿದ ಬೆಲೆ ಕೊಟ್ಟುಬಿಟ್ಟಳು. ಆ ಹೆಂಗಸಿಗೇ ಬೇಜಾರಾಗಿ, "ಈ ಹುಡುಗಿಗೆ ಹುಷಾರಿಲ್ವಾ?" ಎಂದು ನನ್ನನ್ನು ಕೇಳಿದಳು.

ಕಾಗದ ಒಂದೇ ದಿನದಲ್ಲಿ ಸಿಕ್ಕಿತು. ಇಲ್ಲಿಯ ಪಟ್ಟಿಯಲ್ಲಿ ಅವಳ ಹೆಸರು ದುಂಡಾದ ಅಕ್ಷರದಲ್ಲಿದೆ. ಅವಳು ತುಂಬ ಹೊತ್ತು ಅದನ್ನೇ ನೋಡುತ್ತಿದ್ದಳು. ನಾನು ಕಿಟಕಿಯ ಕಡೆ ನೋಡಿದೆ.

ಬಸ್ಸು ವಾರಕ್ಕೊಂದೇ, ನಾಳೆ ಹೊರಡುತ್ತಾಳೆ. ಅವಳ ಚೀಲದಲ್ಲಿ ನಿನ್ನ ಆರು ಬಾಟಲಿಗಳಲ್ಲಿ ಎರಡನ್ನು ಇಟ್ಟಿದ್ದೇನೆ. ದೇವರು ದಾರಿ ಬಿಡಲಿ.

ದೆಸ್ಪಿನಾ


ಮಾರಿಬೋರ್
22 ಮೇ 1992

ಅಕ್ಕಾ,

ಬಿಡಲಿಲ್ಲ.

ಹಂಗೇರಿ ಕಡೆಯ ಗಡಿಯಿಂದ ಫೋನ್ ಮಾಡಿದಳು. ಗಡಿಯಿಂದ ನಮ್ಮ ಮನೆಗೆ ಒಂದೂವರೆ ಗಂಟೆ ದಾರಿ. "ಅಮ್ಮಾ, ಇಲ್ಲಿಂದ ನಮ್ಮ ಬೆಟ್ಟ ಕಾಣುತ್ತೆ" ಅಂದಳು. ಅಷ್ಟು ದೂರಕ್ಕೆ ಕಾಣುವುದಿಲ್ಲ, ಆದರೂ ಹಾಗೆ ಅಂದಳು. ಇರಲು ಅನುಮತಿ ಇಲ್ಲದವರನ್ನು ಒಳಗೆ ಬಿಡುವುದಿಲ್ಲ, ಅನುಮತಿ ಬೇಕಿದ್ದರೆ ಒಳಗೆ ಬಂದು ಕೇಳಬೇಕು ಎಂದರಂತೆ. ಲೋಯ್ಜೆ ಗೆಳೆಯನ ಕಾರಿನಲ್ಲಿ ಗಡಿಗೆ ಓಡಿದ. ಅವನು ತಲುಪುವಷ್ಟರಲ್ಲಿ ಬಸ್ಸಿಗೆ ಹತ್ತಿಸಿ ವಾಪಸು ಕಳಿಸಿದ್ದರು. ಐವತ್ತು ದಾಟಿದ ಗಂಡಸು ರಸ್ತೆಯ ಮೇಲೆ ಕೂತು ಅತ್ತನಂತೆ. ಅದನ್ನೂ ನನಗೆ ಹೇಳಿದವನು ಆ ಗೆಳೆಯ. ನಾವಿಬ್ಬರೂ ಇನ್ನೂ ಮಾತಾಡುತ್ತಿಲ್ಲ.

ಪೊಲೋನಾ ಕೊನೆಯ ಬಾದಾಮಿಯನ್ನು ತಿನ್ನದೆ ಇಟ್ಟುಕೊಂಡಿದ್ದಾಳೆ.

ಅವಳು ನಿನ್ನ ಹತ್ತಿರ ಬರುತ್ತಿದ್ದಾಳೆ. ನನ್ನ ಮಗಳನ್ನು ನೋಡಿಕೋ. ನನ್ನನ್ನು ನೋಡಿಕೊಂಡ ಹಾಗೆ ನೋಡಿಕೋ. ಅಮ್ಮ ಸತ್ತಾಗ ನನಗಿನ್ನೂ ನಾಲ್ಕು ವರ್ಷ. ನೀನಲ್ಲದೆ ನನಗೆ ಯಾರಿದ್ದರು?

ವಾಸ್ಕಾ


ಬಿಟೋಲ
28 ಜೂನ್ 1992

ವಾಸ್ಕಾ,

ನಿನ್ನ ಪತ್ರದ ಕೊನೆಯ ಸಾಲು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಲೋಯ್ಜೆ ಸಹಿ ಹಾಕಿಲ್ಲ. ಅವನ ಸಹಿ ಹಾಕಿದವಳು ನಾನು.

ಬ್ರೆದಾ ಹುಟ್ಟಿದ ಒಂಬತ್ತನೇ ದಿನ ಜನನ ಬರೆಸಲು ಕಚೇರಿಗೆ ಹೋದೆ. ನೀನು ಹಾಸಿಗೆಯಲ್ಲಿದ್ದೆ, ಲೋಯ್ಜೆಗೆ ಕಾರ್ಖಾನೆಯಲ್ಲಿ ರಜೆ ಸಿಕ್ಕಿರಲಿಲ್ಲ. ಗುಮಾಸ್ತ ಪೆನ್ನು ಅದ್ದಿಕೊಂಡು, "ಅಪ್ಪ ಸ್ಲೊವೇನಿಯದವ್ನು, ಅಮ್ಮ ಇಲ್ಲಿಯವ್ಳು. ಮಗು ಯಾವ ಗಣರಾಜ್ಯದ್ದು ಅಂತ ಬರೀಲಿ?" ಎಂದು ಕೇಳಿದ.

ನಿನಗೆ ಆ ಕಾಲ ನೆನಪಿಲ್ಲ, ನೀನು ಚಿಕ್ಕವಳು. ನಾನು ಸೆರ್ಬರ ರಾಜನ ಕಾಲದಲ್ಲಿ ಶಾಲೆಗೆ ಸೇರಿದಾಗ ಮೇಷ್ಟರು ನನ್ನ ಹೆಸರನ್ನು ದೆಸ್ಪಿನಾ ತಾಲೆವಿಚ್ ಎಂದು ಬರೆದುಕೊಂಡರು. ಯುದ್ಧದಲ್ಲಿ ಬಲ್ಗೇರಿಯದವರು ಬಂದು ತಾಲೆವಾ ಎಂದು ತಿದ್ದಿದರು. ಯಾರೂ ನನ್ನನ್ನು ಕೇಳಲಿಲ್ಲ. ಮನೆಯ ಮಾತನ್ನು ಶಾಲೆಯಲ್ಲಿ ಆಡಿದ್ದಕ್ಕೆ ಇಬ್ಬರ ಕೈಯಲ್ಲೂ ಏಟು ತಿಂದಿದ್ದೇನೆ. ಆಮೇಲೆ ನಮ್ಮದೇ ಗಣರಾಜ್ಯ ಬಂತು. ನಮ್ಮ ಮಾತಿಗೆ ಅಕ್ಷರಮಾಲೆ ಬಂದ ವರ್ಷ ನನಗೆ ಹದಿನೇಳು. ಮೂರು ವಾರದ ತರಬೇತಿ ಕೊಟ್ಟು ನನ್ನನ್ನು ಟೀಚರ್ ಮಾಡಿದರು. ಕಪ್ಪುಹಲಗೆಯ ಮೇಲೆ ಅಮ್ಮನ ಮಾತನ್ನು ನಾನು ಬರೆದೆ, ನಲವತ್ತು ಮಕ್ಕಳು ಅದನ್ನು ಗಟ್ಟಿಯಾಗಿ ಓದಿದರು. ಅವತ್ತು ನನಗಾದ ಸಂತೋಷ ಮದುವೆಯ ದಿನವೂ ಆಗಲಿಲ್ಲ. ದೊಡ್ಡ ಒಕ್ಕೂಟದಲ್ಲಿ ನಾವು ಬಡ ಗಣರಾಜ್ಯ, ಎಲ್ಲರಿಗಿಂತ ಕೊನೆಯವರು, ಆದರೆ ಪಟ್ಟಿಯಲ್ಲಿ ನಮ್ಮ ಹೆಸರಿತ್ತು.

ಹಾಗಾಗಿ ಗುಮಾಸ್ತ ಕೇಳಿದಾಗ "ನಮ್ಮದು, ಬರ್ಕೊಳ್ಳಿ" ಅಂದುಬಿಟ್ಟೆ. ಇಬ್ಬರ ಸಹಿಯೂ ಬೇಕು ಎಂದು ಒಂದು ಹಾಳೆ ಕೊಟ್ಟ. ಲಸಿಕೆಯ ಚೀಟಿ ಎಂದು ಹೇಳಿ ನಿನ್ನ ಸಹಿ ಪಡೆದೆ. ಲೋಯ್ಜೆ ನಿನಗೆ ಬರೆದಿದ್ದ ಪತ್ರ ದಿಂಬಿನ ಕೆಳಗಿತ್ತು. ಅದರಲ್ಲಿದ್ದ ಸಹಿಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು, ಏಳೆಂಟು ಸಲ ಅಭ್ಯಾಸ ಮಾಡಿ, ಹಾಕಿದೆ.

ಗಣರಾಜ್ಯದ ಪ್ರೀತಿಗೆ ಮಾಡಿದೆ ಎಂದರೆ ಅರ್ಧ ನಿಜ. ಇನ್ನರ್ಧ ಇಷ್ಟೇ: ನನಗೆ ಮಕ್ಕಳಾಗಲಿಲ್ಲ. ಸಾಕಿದ ನಿನ್ನನ್ನು ಒಬ್ಬ ಸಿಪಾಯಿ ಬಂದು ಕರೆದುಕೊಂಡು ಹೋದ. ಮಗುವೂ ನಲವತ್ತು ದಿನಕ್ಕೆ ಹೋಗುತ್ತದೆ. ಒಂದು ಸಾಲಾದರೂ ಇಲ್ಲಿ ಉಳಿಯಲಿ ಎನ್ನಿಸಿತು. ದೇಶ ಒಂದೇ ಇತ್ತಲ್ಲ, ಯಾರಿಗೆ ಏನು ನಷ್ಟ ಎಂದುಕೊಂಡೆ. ದೇಶವೇ ಇಲ್ಲದ ದಿನ ಬರುತ್ತದೆ ಎಂದು ನನಗೆ ಯಾರು ಹೇಳಿದ್ದರು?

ನವೆಂಬರ್‌ನಲ್ಲಿ ನಿನ್ನ ಪತ್ರ ಓದಿ ಎದೆ ಒಡೆಯಿತು. ಆಗಲೇ ನಿಜ ಬರೆದಿದ್ದರೆ, "ಏಕೆ ಎಂದು ಕೇಳಬೇಡ" ಎನ್ನದೇ ಇದ್ದಿದ್ದರೆ, ಪತ್ರ ತಡವಾಗಿ ತಲುಪಿದರೂ ಫೆಬ್ರವರಿಗೆ ಮುಂಚೆ ನೀನು ಯಾರ ಕೈಲಾದರೂ ವಿಚಾರಿಸುತ್ತಿದ್ದೆ. ನಾಚಿಕೆಗೆ ಹೆದರಿದೆ. ಹೆದರಿಕೆಯನ್ನು ಹುಕುಂ ಮಾಡಿ ಕಳಿಸಿದೆ.

ಬ್ರೆದಾಗೆ ಮೊದಲು ಹೇಳಿದೆ. ಬೀನ್ಸ್ ಬಿಡಿಸುತ್ತಾ ಕೂತಿದ್ದಳು. ಕೂಗಲಿಲ್ಲ, ಅಳಲಿಲ್ಲ. "ನನ್ನನ್ನ ಇಲ್ಲಿ ಉಳಿಸ್ಕೋಬೇಕು ಅಂತ ಇಪ್ಪತ್ತೆಂಟು ವರ್ಷದ ಹಿಂದೆ ಆಸೆಪಟ್ರಿ. ಈಗ ಉಳಿದಿದೀನಿ. ಸಂತೋಷವಾಯ್ತಾ?" ಅಂದಳು. ಅವತ್ತಿನಿಂದ ನನ್ನನ್ನು ದೊಡ್ಡಮ್ಮ ಅನ್ನುವುದಿಲ್ಲ, ಟೀಚರ್ ಅನ್ನುತ್ತಾಳೆ. "ಟೀಚರ್, ಸೋಪು ಮುಗಿದಿದೆ." "ಟೀಚರ್, ಪೋಸ್ಟ್ ಬಂತಾ?"

ವಕೀಲರನ್ನು ಕೇಳಿದ್ದೇನೆ. ತಂದೆಯ ಸಹಿ ಸುಳ್ಳು ಎಂದು ನ್ಯಾಯಾಲಯ ಬರೆದರೆ ಆ ನಮೂದು ಮೊದಲಿನಿಂದಲೇ ರದ್ದಾಗುತ್ತದೆ. ಆಗ ನೀವಿಬ್ಬರೂ ಹೊಸದಾಗಿ ಒಪ್ಪಿಗೆ ಬರೆದುಕೊಟ್ಟರೆ ಅವಳು ಹುಟ್ಟಿದ ದಿನದಿಂದ ಅಪ್ಪನ ಗಣರಾಜ್ಯದವಳು. ನಾನು ನ್ಯಾಯಾಲಯದಲ್ಲಿ ನಿಂತು ಹೇಳುತ್ತೇನೆ. ಈ ಪತ್ರವನ್ನು ಲೋಯ್ಜೆಗೆ ತೋರಿಸು.

ದೆಸ್ಪಿನಾ


ಬಿಟೋಲ
30 ಆಗಸ್ಟ್ 1992

ವಾಸ್ಕಾ,

ಪತ್ರ ತಲುಪಿತೋ ಇಲ್ಲವೋ. ಬೈದಾದರೂ ಬರೆ. ಒಪ್ಪಿಗೆಯ ಕಾಗದ ಬಾರದೆ ವಕೀಲರು ಕೇಸು ಹಾಕುತ್ತಿಲ್ಲ.

ದೆಸ್ಪಿನಾ


ಮಾರಿಬೋರ್
3 ಅಕ್ಟೋಬರ್ 1992

ದೆಸ್ಪಿನಾ,

ಜುಲೈನಲ್ಲೇ ತಲುಪಿತು. ಎಷ್ಟು ಸಲ ಬರೆದು ಹರಿದೆನೋ ಲೆಕ್ಕ ಇಟ್ಟಿಲ್ಲ. ಕೆಲವು ಪತ್ರಗಳಲ್ಲಿ ಬೈಗುಳ ಬಿಟ್ಟು ಬೇರೇನೂ ಇರಲಿಲ್ಲ, ಕೆಲವನ್ನು ಸತ್ತವರಿಗೂ ಬರೆಯಬಾರದು.

ನೀನು ನನ್ನ ದಿಂಬಿನ ಕೆಳಗೆ ಕೈ ಹಾಕಿದೆ. ಅದನ್ನೇ ಮತ್ತೆ ಮತ್ತೆ ಯೋಚಿಸುತ್ತೇನೆ. ಮಗುವಿಗೆ ಹಾಲು ಕುಡಿಸುತ್ತಾ ಕಣ್ಣು ಮುಚ್ಚಿದ್ದೆ, ನೀನಿದ್ದೀಯ ಎಂಬ ಧೈರ್ಯಕ್ಕೆ.

ಕೊನೆಗೆ ಹೋದ ವಾರ ಲೋಯ್ಜೆಯ ಮುಂದೆ ಪತ್ರ ಇಟ್ಟೆ. ಕ್ಷಮಿಸು ಅಂದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಆರು ತಿಂಗಳಲ್ಲಿ ಅವನ ಬಾಯಿಂದ ಬಂದ ಮೊದಲ ಮಾತು: "ಏಳೆಂಟು ಸಲ ಅಭ್ಯಾಸ ಮಾಡಿದ್ಲಾ? ನನ್ನ ಸಹಿ ನನಗೇ ಒಂದೇ ಥರ ಬರಲ್ಲ." ಆಮೇಲೆ ಎದ್ದು ಹೊರಗೆ ಹೋಗಿ ಸೌದೆ ಒಡೆದ. ಇಡೀ ಚಳಿಗಾಲಕ್ಕೆ ಆಗುವಷ್ಟು ಒಡೆದ.

ಅವನು ನಗಬಲ್ಲ. ನನಗೆ ಆಗುತ್ತಿಲ್ಲ. ಪೊಲೋನಾ ಶಾಲೆಗೆ ಹೊರಡುವಾಗ ಜಡೆ ಹಾಕಿಸಿಕೊಳ್ಳಲು ಅಮ್ಮನೇ ಬೇಕು ಎಂದು ನೆಲಕ್ಕೆ ಬಿದ್ದು ಹೊರಳಾಡುತ್ತಾಳೆ. ಅವಳನ್ನು ಎತ್ತಿಕೊಂಡಾಗಲೆಲ್ಲ ನಿನ್ನ ಮೇಲೆ ಸಿಟ್ಟು ಬರುತ್ತದೆ.

ಒಪ್ಪಿಗೆಯ ಕಾಗದ ಜೊತೆಗಿದೆ. ಹೇಳಿದ್ದನ್ನು ಮಾಡು. ಅಲ್ಲಿಯವರೆಗೆ ಬರೆಯಬೇಡ.

ವಾಸ್ಕಾ


ಬಿಟೋಲ
21 ಜನವರಿ 1993

ವಾಸ್ಕಾ,

ಮಾಡಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನ್ಯಾಯಾಧೀಶ ನನ್ನ ಹಳೆಯ ವಿದ್ಯಾರ್ಥಿ. ನಾನು ಒಳಗೆ ಹೋದ ಕೂಡಲೇ ಎದ್ದು ನಿಂತ, ಅವನು ನಿಂತದ್ದು ನೋಡಿ ಕೋರ್ಟಿನಲ್ಲಿ ಎಲ್ಲರೂ ನಿಂತರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಪೆನ್ನನ್ನು ಬದಿಗಿಟ್ಟ. ಆಮೇಲೆ ಮೆಲ್ಲಗೆ, "ಟೀಚರ್, ಆ ಗುಮಾಸ್ತ ತೀರ್ಕೊಂಡು ಇಪ್ಪತ್ತು ವರ್ಷ ಆಯ್ತು. ಅವ್ರೇ ತಪ್ಪು ಬರ್ಕೊಂಡ್ರು ಅಂತ ಹೇಳಿ, ಸಾಕು. ನಿಮ್ಮ ಹೆಸರು ಯಾಕೆ ಬರ್ಬೇಕು?" ಎಂದ. ಹಿಂದಿನ ಬೆಂಚಿನಲ್ಲಿ ಬ್ರೆದಾ ಕೂತಿದ್ದಳು. ಈಗ ಅವಳಿಗೆ ನಮ್ಮ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ನಿಜ ಹೇಳುತ್ತೇನೆ, ಆಸೆಯಾಯಿತು. ಈ ಊರಿನಲ್ಲಿ ಅರ್ಧ ಜನಕ್ಕೆ ಅಕ್ಷರ ಕಲಿಸಿದ್ದೇನೆ, ಬೀದಿಯಲ್ಲಿ ಹೋದರೆ ಟೋಪಿ ತೆಗೆಯುತ್ತಾರೆ. ಆದರೆ ಆ ಗುಮಾಸ್ತ ಪಾಪದವನು. ನನ್ನ ಜೀವನದಲ್ಲಿ ಬರೆಯುವ ಮುಂಚೆ ಕೇಳಿದ ಮೊದಲನೆಯವನು ಅವನು. "ನಾನು ಮಾಡಿದ್ದು. ನನ್ನ ಹೆಸರು ಬರ್ಕೋ" ಅಂದೆ. ಬರೆದುಕೊಂಡ. ಶಿಕ್ಷೆಯ ಅವಧಿ ಯಾವಾಗಲೋ ಮೀರಿದೆಯಂತೆ, ಜೈಲಿಲ್ಲ. ನಮೂದು ರದ್ದಾಯಿತು. ನಾನು ಬರೆಸಿದ ಸಾಲಿನ ಮೇಲೆ ಕೆಂಪು ಗೆರೆ ಎಳೆದದ್ದನ್ನು ನಿಂತು ನೋಡಿದೆ.

ಶಾಲೆಯ ಹಜಾರದಲ್ಲಿ ಮೊದಲ ಟೀಚರುಗಳ ಸಾಲಿನಲ್ಲಿ ನನ್ನ ಫೋಟೋ ಇತ್ತು. ಈಗಿನ ಹೆಡ್‌ಮಾಸ್ಟರು ತೆಗೆಯಲೂ ಆಗದೆ ಇಡಲೂ ಆಗದೆ ಒದ್ದಾಡುತ್ತಿದ್ದಾರೆಂದು ಕೇಳಿ ನಾನೇ ಹೋಗಿ ತೆಗೆದುಕೊಂಡು ಬಂದೆ.

ತೀರ್ಪಿನ ಪ್ರತಿಯ ಮೇಲೆ ಅಲ್ಲಿನ ಕಚೇರಿಯವರು ಪ್ರವೇಶಕ್ಕೆ ಒಪ್ಪಿಗೆ ಕಳಿಸಬೇಕು. ಲೋಯ್ಜೆ ಬೆನ್ನು ಹತ್ತಲಿ. ಬ್ರೆದಾ ಈಗ ಟೀಚರ್ ಅನ್ನುವುದಿಲ್ಲ, ಏನೂ ಅನ್ನುವುದಿಲ್ಲ. ಆದರೆ ಕೋರ್ಟಿನಿಂದ ಬರುವಾಗ ಮಂಜಿನಲ್ಲಿ ಜಾರುತ್ತೇನೆಂದು ನನ್ನ ತೋಳು ಹಿಡಿದುಕೊಂಡಿದ್ದಳು.

ಬೇರೇನೂ ಕೇಳುವುದಿಲ್ಲ.

ದೆಸ್ಪಿನಾ


ಮಾರಿಬೋರ್
28 ಮಾರ್ಚ್ 1993

ಅಕ್ಕಾ,

ಗುರುವಾರ ಮಧ್ಯಾಹ್ನ ಬ್ರೆದಾ ಮನೆಗೆ ಬಂದಳು. ಗಡಿಯವನು ಕಾಗದ ನೋಡಿ, ಠಸ್ಸೆ ಒತ್ತಿ, ಮುಖವನ್ನೂ ನೋಡದೆ ಹೋಗಿ ಎಂದನಂತೆ. ಹತ್ತು ತಿಂಗಳಿನ ಗೋಳು, ಮುಗಿಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಪೌರತ್ವ ಇನ್ನೂ ಕೈಗೆ ಬಂದಿಲ್ಲ, ವಿಚಾರಣೆ ಇದೆ, ಆದರೆ ಇನ್ನು ಅವಳನ್ನು ಹೊರಗೆ ಹಾಕುವ ಹಾಗಿಲ್ಲ ಎಂದಿದ್ದಾರೆ.

ಪೊಲೋನಾ ಓಡಿ ಬರಲಿಲ್ಲ. ಲೋಯ್ಜೆಯ ಕೋಟಿನ ಹಿಂದೆ ನಿಂತು ಇಣುಕಿ ನೋಡಿ, "ಇದು ಯಾವ ಅಮ್ಮ?" ಎಂದು ಕೇಳಿದಳು. ಬ್ರೆದಾ ಬಾಗಿಲಲ್ಲೇ ಕೂತುಬಿಟ್ಟಳು. ಎರಡು ಗಂಟೆಯ ಮೇಲೆ ಮಗು ತಾನೇ ಹೋಗಿ ಬಾಚಣಿಗೆ ಕೊಟ್ಟು, ಬೆನ್ನು ತಿರುಗಿಸಿ ಕೂತಿತು. ನಿನಗೆ ನೋವಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ನೀನು ತಿಳಿಯಬೇಕು.

ನಿನ್ನೆ ಬ್ರೆದಾ ಸಾರು ರುಚಿ ನೋಡಿ, ನಮ್ಮ ಭಾಷೆಯಲ್ಲಿ, ನಿನ್ನದೇ ರಾಗದಲ್ಲಿ "ಉಪ್ಪು ಯಾರಪ್ಪಂದು?" ಅಂದಳು. ಮೂವತ್ತು ವರ್ಷದಲ್ಲಿ ಈ ಮನೆಯಲ್ಲಿ ನನಗೆ ಯಾರೂ ಆ ಮಾತಿನಲ್ಲಿ ಉತ್ತರ ಕೊಟ್ಟಿರಲಿಲ್ಲ. ಹಿತ್ತಲಿಗೆ ಹೋಗಿ ಅತ್ತು ಬಂದೆ.

ಕೋರ್ಟಿನಲ್ಲಿ ನಡೆದದ್ದನ್ನೂ ಅವಳೇ ಹೇಳಿದಳು. ನೀನು ಬರೆಯದ್ದನ್ನೂ ಹೇಳಿದಳು. ಮಾರುಕಟ್ಟೆಯಲ್ಲಿ ಇಬ್ಬರು ನಿನ್ನನ್ನು ನೋಡಿ ಮುಖ ತಿರುಗಿಸಿದ್ದನ್ನು, ಮಾರನೆಯ ದಿನವೂ ನೀನು ಅದೇ ದಾರಿಯಲ್ಲಿ ಹೋದದ್ದನ್ನು.

ಇದರ ಜೊತೆ ಒಂದು ಕರೆಯೋಲೆ ಇದೆ. ಬೇಕೇ ಬೇಕೆಂದೇನಿಲ್ಲವಂತೆ, ಆದರೂ ಗಡಿಯಲ್ಲಿ ಏನು ಕೇಳುತ್ತಾರೋ ಯಾರಿಗೆ ಗೊತ್ತು ಎಂದು ಕಚೇರಿಗೆ ಹೋಗಿ ಮೊಹರು ಹಾಕಿಸಿದೆ. ಬರುವವರು ನಿಮಗೆ ಏನಾಗಬೇಕು ಎಂದು ಅದರಲ್ಲಿ ಒಂದು ಸಾಲಿದೆ. ಆ ಸಾಲಿನ ಮುಂದೆ ಪೆನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೆಂದರೆ ಹಿಂದಿನವರು ಗೊಣಗಲು ಶುರು ಮಾಡಿದರು. ಈ ಒಂಬತ್ತು ತಿಂಗಳು ಮನಸ್ಸಿನಲ್ಲಿ ಆ ಜಾಗದಲ್ಲಿ ಏನೇನೋ ಬರೆದಿದ್ದೆ. ಕೊನೆಗೆ ಅಕ್ಕ ಎಂದು ಬರೆದೆ.

ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ. ಬೈಯುವುದು ಬಹಳ ಇದೆ, ಪತ್ರದಲ್ಲಿ ಬೈದರೆ ಐದು ವಾರಕ್ಕೆ ತಲುಪುತ್ತದೆ, ಅಷ್ಟರಲ್ಲಿ ನನ್ನ ಸಿಟ್ಟು ತಣ್ಣಗಾಗಿರುತ್ತದೆ. ಎದುರಿಗೆ ಕೂರಿಸಿಕೊಂಡು ಬೈಯಬೇಕು. ಬಾ.

ವಾಸ್ಕಾ